ಸಿಟಿಜನ್ ಜೊತೆ ಮದುವೆ ಆದ್ಮೇಲೆ ಐ-485 ಯಾವಾಗ ಹಾಕ್ಬೇಕು? ಮುಹೂರ್ತದಿಂದ ಇಂಟರ್ವ್ಯೂ ತನಕ ಪೂರ್ತಿ ಲೆಕ್ಕ

"ಮದುವೆ ಆಗಿ ಎಷ್ಟು ದಿನ ಬಿಟ್ಟು ಗ್ರೀನ್ ಕಾರ್ಡಿಗೆ ಹಾಕ್ಬೋದು" ಅಂತ ಕೇಳೋರಿಗೆಲ್ಲಾ ಒಂದು ನಂಬರ್ ಬೇಕು, ಮೂವತ್ತೋ ಅರವತ್ತೋ ತೊಂಬತ್ತೋ. ನಿಜ ಹೇಳ್ಬೇಕಂದ್ರೆ ಅಮೆರಿಕದ ಸಿಟಿಜನ್‌ನ ಮದುವೆ ಆಗಿ ನೀವೂ ಅಮೆರಿಕದೊಳಗೇ ಇದ್ರೆ, ಸರ್ಟಿಫಿಕೇಟ್ ಕೈಗೆ ಬಂದ ಮಾರನೇ ದಿನಾನೇ ಐ-485, ಅಂದ್ರೆ ಗ್ರೀನ್ ಕಾರ್ಡ್ ಅರ್ಜಿ, ಹಾಕ್ಬೋದು, ಮದುವೆ ಆಗಿ ಇಷ್ಟು ದಿನ ಕಾಯ್ಬೇಕು ಅನ್ನೋ ನಿಯಮ ಇಲ್ಲ. ಎಣಿಸ್ಬೇಕಾಗಿರೋದೇ ಬೇರೆ. ಹಿಂದಕ್ಕೆ ನೋಡಿದ್ರೆ ನೀವು ಕೊನೇ ಸಲ ಏರ್‌ಪೋರ್ಟಲ್ಲಿ ಇಳಿದ ದಿನ, ಮುಂದಕ್ಕೆ ನೋಡಿದ್ರೆ ನೀವು ಮತ್ತೆ ಊರಿಗೆ ಹೋಗ್ಲೇಬೇಕಾದ ದಿನ, ಈ ಎರಡರ ಮಧ್ಯೆ ಅಪ್ಲಿಕೇಶನ್‌ನ ಎಲ್ಲಿ ಕೂರಿಸ್ತೀರಿ ಅನ್ನೋದೇ ಟೈಮಿಂಗು.

ನಾನು ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲಿದ್ದಾಗ ಮದುವೆ ಆದೋಳು, ಲಾಯರ್ ಇಲ್ದೆ ನಾವೇ ಫಾರಂ ತುಂಬಿದ್ವಿ, ಒಂದು ತಪ್ಪೂ ಮಾಡಿದ್ವಿ, ಅದನ್ನ ಮುಂದೆ ಹೇಳ್ತೀನಿ. ನಾನು ವಕೀಲೆ ಅಲ್ಲ. ಫೀಸು, ಫಾರಂ ಎಡಿಶನ್ನು ಇವೆಲ್ಲ ಬದಲಾಗ್ತಾನೇ ಇರತ್ತೆ, ಹಾಗಾಗಿ ಕವರ್ ಅಂಟಿಸೋ ದಿನ ಬೆಳಿಗ್ಗೆ ಯುಎಸ್‌ಸಿಐಎಸ್ (ಈ ಅರ್ಜಿಗಳನ್ನ ನೋಡೋ ಅಮೆರಿಕದ ಇಲಾಖೆ) ಸೈಟಲ್ಲಿ ಇನ್ನೊಂದು ಸಲ ನೋಡ್ಕೊಳ್ಳಿ.

ಮೊದ್ಲು ನೀವು ಯಾವ ಕ್ಯೂನಲ್ಲಿದೀರಿ ಗೊತ್ತಾಗ್ಲಿ

ಸಿಟಿಜನ್‌ನ ಗಂಡ ಅಥವಾ ಹೆಂಡತಿ ಅಂದ್ರೆ ಇಮ್ಮೀಡಿಯೇಟ್ ರಿಲೇಟಿವ್. ಈ ವರ್ಗಕ್ಕೆ ವರ್ಷಕ್ಕಿಷ್ಟು ಅಂತ ಕೋಟಾ ಇಲ್ಲ. ಕೆಲಸದ ಮೇಲೆ ಗ್ರೀನ್ ಕಾರ್ಡಿಗೆ ಕಾಯೋ ಇಬಿ-2, ಇಬಿ-3 ಕ್ಯೂನಲ್ಲಿ ನಮ್ಮ ಇಂಡಿಯಾದೋರು ವರ್ಷಗಟ್ಲೆ ವೀಸಾ ಬುಲೆಟಿನ್ (ಯಾರ ಸರದಿ ಬಂತು ಅಂತ ತಿಂಗಳು ತಿಂಗಳು ಬರೋ ಪಟ್ಟಿ) ನೋಡ್ಕೊಂಡು ಕೂತಿರ್ತಾರಲ್ಲ, ಆ ಬುಲೆಟಿನ್ ಜೊತೆ ನಿಮಗೆ ಸಂಬಂಧನೇ ಇಲ್ಲ. ಅದಕ್ಕೇ ಸಂಬಂಧ ತೋರಿಸೋ ಐ-130, ಸ್ಟೇಟಸ್ ಬದಲಾಯಿಸೋ ಐ-485 ಎರಡನ್ನೂ ಒಂದೇ ಕವರಲ್ಲಿ ಒಟ್ಟಿಗೆ ಕಳಿಸ್ಬೋದು. ಐ-130 ಅಪ್ರೂವ್ ಆಗ್ಲಿ ಆಮೇಲೆ ಐ-485 ಅಂತ ಕಾಯೋದು ಸುಮ್ನೆ ಟೈಮ್ ವೇಸ್ಟು.

ಆದ್ರೆ ನಿಮ್ಮೋರ ಹತ್ರ ಇರೋದು ಗ್ರೀನ್ ಕಾರ್ಡ್ ಮಾತ್ರ ಅಂದ್ರೆ ಕಥೆ ಬೇರೆ. ಅದು ಎಫ್2ಎ ಅನ್ನೋ ಕೋಟಾ ಇರೋ ಕೆಟಗರಿ, ಬುಲೆಟಿನ್ ನೋಡ್ಲೇಬೇಕು, ಮತ್ತೆ ಮಧ್ಯದಲ್ಲಿ ನಿಮ್ಮ ಸ್ಟೇಟಸ್ ತಪ್ಪಿದ್ರೆ ಸಿಟಿಜನ್‌ನ ಸಂಗಾತಿಗೆ ಸಿಗೋ ಮಾಫಿ ನಿಮಗೆ ಸಿಗಲ್ಲ. ಇಂಥ ಕೇಸಲ್ಲಿ ಐ-130 ಈಗ್ಲೇ ಹಾಕಿಟ್ಟು, ಅವ್ರು ಸಿಟಿಜನ್‌ಶಿಪ್ ಓತ್ ತಗೊಂಡ ಮೇಲೆ ನ್ಯಾಚುರಲೈಸೇಶನ್ ಸರ್ಟಿಫಿಕೇಟ್ ಕಾಪಿ ಕಳಿಸಿ ಅಪ್‌ಗ್ರೇಡ್ ಮಾಡಿಸ್ಕೋಬೋದು.

ಇನ್ನೊಂದು ಮುಖ್ಯ ಬಾಗಿಲು: ಐ-485 ಹಾಕೋಕೆ ನೀವು ಅಮೆರಿಕಕ್ಕೆ ಇನ್‌ಸ್ಪೆಕ್ಷನ್ ಆಗಿ, ಅಂದ್ರೆ ಆಫೀಸರ್ ನೋಡಿ ಒಳಗೆ ಬಿಟ್ಟು, ಬಂದಿರ್ಬೇಕು. ಹಾಗೆ ಬಂದು ಆಮೇಲೆ ವೀಸಾ ಅವಧಿ ಮೀರಿ ಉಳ್ಕೊಂಡಿದ್ರೂ, ಪರ್ಮಿಟ್ ಇಲ್ದೆ ಕೆಲಸ ಮಾಡಿದ್ರೂ, ಸಿಟಿಜನ್‌ನ ಸಂಗಾತಿಗೆ ಅದು ಅಡ್ಡ ಬರಲ್ಲ. ಬಾರ್ಡರ್ ಹಾರಿ ಬಂದೋರಿಗೆ ಈ ದಾರಿ ಸಾಮಾನ್ಯವಾಗಿ ಇಲ್ಲ. ಮಾಫಿ ಇದೆ ಅಂತ ಧೈರ್ಯ ಜಾಸ್ತಿ ಮಾಡ್ಕೋಬೇಡಿ, 2025ರ ಫೆಬ್ರವರಿ ಪಾಲಿಸಿ ಪ್ರಕಾರ ಸ್ಟೇಟಸ್ ಇಲ್ದಿರೋರ ಅಪ್ಲಿಕೇಶನ್ ರಿಜೆಕ್ಟ್ ಆದ್ರೆ ಇಮಿಗ್ರೇಶನ್ ಕೋರ್ಟಿಗೆ ಹಾಜರಾಗಿ ಅಂತ ನೋಟಿಸ್ ಕೊಡ್ತಾರೆ. ಇರೋ ಸ್ಟೇಟಸ್‌ನ ಕೊನೇ ತನಕ ಹಿಡ್ಕೊಂಡಿರೋದು ಒಳ್ಳೇದು.

ತೊಂಬತ್ತು ದಿನದ ಗೊಂದಲ

ಈ ಇಮಿಗ್ರೇಶನ್ ಲೋಕದಲ್ಲಿ ತೊಂಬತ್ತು ಅನ್ನೋ ನಂಬರ್ ನಾಲ್ಕು ಕಡೆ ಬರತ್ತೆ, ಜನ ಎಲ್ಲಾನೂ ಕಲಸಿ ಚಿತ್ರಾನ್ನ ಮಾಡ್ತಾರೆ. ಕೆ-1 ಫಿಯಾನ್ಸೆ ವೀಸಾದಲ್ಲಿ ಬಂದೋರು 90 ದಿನದೊಳಗೆ ಮದುವೆ ಆಗ್ಬೇಕು. ಎರಡು ವರ್ಷದ ಷರತ್ತಿನ ಕಾರ್ಡ್ ಸಿಕ್ಕೋರು ಅದು ಮುಗಿಯೋ ಮುಂಚಿನ 90 ದಿನದಲ್ಲಿ ಷರತ್ತು ತೆಗೆಸೋ ಐ-751 ಹಾಕ್ಬೇಕು. ಸಿಟಿಜನ್‌ಶಿಪ್‌ಗೆ 90 ದಿನ ಮುಂಚೆನೇ ಹಾಕ್ಬೋದು. ನಾಲ್ಕನೇದು, ಜನ ಹೆದರೋದು, 90 ಡೇ ರೂಲ್.

ಇದು ಸ್ಟೇಟ್ ಡಿಪಾರ್ಟ್‌ಮೆಂಟಿನ ರೂಲು, 2017ರ ಸೆಪ್ಟೆಂಬರಲ್ಲಿ ಹಳೇ 30/60 ರೂಲ್ ತೆಗೆದು ಇದನ್ನ ತಂದ್ರು. ಟೂರಿಸ್ಟ್, ಸ್ಟೂಡೆಂಟ್ ಥರದ ವೀಸಾದಲ್ಲಿ "ನಾನು ವಾಪಸ್ ಹೋಗ್ತೀನಿ" ಅಂತ ಹೇಳಿ ಬಂದೋರು 90 ದಿನದೊಳಗೆ ಸಿಟಿಜನ್‌ನ ಮದುವೆ ಆಗಿ ಇಲ್ಲೇ ಮನೆ ಮಾಡಿದ್ರೆ, ಒಳಗೆ ಬರೋವಾಗ ಸುಳ್ಳು ಹೇಳಿದ್ರು ಅಂತ ಕಾನ್ಸುಲರ್ ಆಫೀಸರ್ ಅನುಮಾನ ಪಡ್ಬೋದು. ಯುಎಸ್‌ಸಿಐಎಸ್‌ಗೆ ಈ ರೂಲ್ ಕಟ್ಟುಪಾಡಲ್ಲ, ಆದ್ರೂ ಅವ್ರ ಆಫೀಸರೂ ದಿನಾಂಕ ನೋಡೇ ನೋಡ್ತಾರೆ. ಸುಳ್ಳು ಅಂತ ಸಾಬೀತಾದ್ರೆ ಸಣ್ಣ ದಂಡ ಅಲ್ಲ, ಜೀವನ ಪೂರ್ತಿ ಬರೋ ಬ್ಯಾನ್, ವೇವರ್, ಅಂದ್ರೆ ವಿಶೇಷ ಮಾಫಿ, ತಗೊಂಡೇ ದಾಟ್ಬೇಕು.

ಇಲ್ಲಿ ಎರಡು ಮಾತು. ಒಂದು, 91ನೇ ದಿನ ಹಾಕಿದ ತಕ್ಷಣ ಎಲ್ಲಾ ಸೇಫ್ ಅಂತ ಅಲ್ಲ, ಬರೋ ಮುಂಚೆ ಫ್ರೆಂಡಿಗೆ "ಮದುವೆ ಆಗಿ ಅಲ್ಲೇ ಉಳೀತೀನಿ" ಅಂತ ಮೆಸೇಜ್ ಮಾಡಿದ್ರೆ 200ನೇ ದಿನ ಹಾಕಿದ್ರೂ ಸುಳ್ಳು ಸುಳ್ಳೇ. ಎರಡು, ಬೇರೆ ಯಾವ ಕೆಟ್ಟ ಅಂಶನೂ ಇಲ್ದೆ ಬರೀ ಮೊದಲೇ ಮನಸ್ಸಲ್ಲಿತ್ತು ಅನ್ನೋ ಒಂದೇ ಕಾರಣಕ್ಕೆ ಇಮ್ಮೀಡಿಯೇಟ್ ರಿಲೇಟಿವ್ ಅರ್ಜಿನ ತಿರಸ್ಕರಿಸ್ಬಾರ್ದು ಅಂತ 1980ರ ಕವಾಜೋಸ್ ತೀರ್ಪಿಂದ ಬಂದ ನಿಲುವಿದೆ. ಅಂದ್ರೆ ಮನಸ್ಸಲ್ಲಿದ್ದಿದ್ದು ಬೇರೆ, ಬಾಯಲ್ಲಿ ಸುಳ್ಳು ಹೇಳಿದ್ದು ಬೇರೆ.

ಹಾಗಾಗಿ ಮದುವೆ ಆಗಿ ಉಳಿಯೋದೇ ಪ್ಲಾನ್ ಅಂತಿದ್ರೆ ಬಿ-2 ಟೂರಿಸ್ಟ್ ವೀಸಾದಲ್ಲಿ ಬರೋದೇ ಬೇಡ. ಕೆ-1 ಇದೆ, ಇಲ್ಲಾ ಊರಲ್ಲಿ ಮದುವೆ ಆಗಿ ಕಾನ್ಸುಲೇಟ್ ಮೂಲಕ ಇಮಿಗ್ರಂಟ್ ವೀಸಾ ತಗೊಂಡು ಬರೋ ದಾರಿ ಇದೆ. ನಿಧಾನ ಆಗತ್ತೆ, ಆದ್ರೆ ಇಂಟರ್ವ್ಯೂನಲ್ಲಿ ಬೆವರೋದು ಇರಲ್ಲ.

ನಿಮ್ಮ ವೀಸಾ ಪ್ರಕಾರ ಯಾವಾಗ

ಎಚ್-1ಬಿ, ಎಲ್-1 ಕೆಲಸದ ವೀಸಾ, ಮತ್ತೆ ಅಂಥೋರ ಮನೆಯವರಿಗೆ ಸಿಗೋ ಎಚ್-4, ಎಲ್-2 ಇದ್ದೋರು ಅದೃಷ್ಟವಂತರು. ಇವೆಲ್ಲ ಡ್ಯುಯಲ್ ಇಂಟೆಂಟ್, ಅಂದ್ರೆ ಕೆಲಸಕ್ಕೂ ಬಂದಿದೀನಿ ಇಲ್ಲೇ ಇರೋ ಆಸೆನೂ ಇದೆ ಅಂತ ಹೇಳಿದ್ರೆ ತಪ್ಪಿಲ್ಲ. ಇಳಿದ ಹತ್ತನೇ ದಿನ ಹಾಕಿದ್ರೂ ಯಾರೂ ಕೇಳಲ್ಲ. ಕೆಲಸ ಹೋಗಿದ್ರೆ 60 ದಿನದ ಗ್ರೇಸ್ ಪೀರಿಯಡ್ ಇರತ್ತಲ್ಲ, ಅದ್ರೊಳಗೆ ಪ್ಯಾಕೆಟ್ ತಲುಪಿ ರಸೀತಿ ಬರೋ ಹಾಗೆ ನೋಡ್ಕೊಳ್ಳಿ, ಆಮೇಲೆ ಅರ್ಜಿ ಪೆಂಡಿಂಗ್ ಇರೋ ತನಕ ಇಲ್ಲಿರೋಕೆ ಅಧಿಕಾರ ಇರತ್ತೆ.

ಎಫ್-1 ಸ್ಟೂಡೆಂಟ್ ವೀಸಾ ಇದ್ದೋರು ಸ್ವಲ್ಪ ಹುಷಾರು. ಮೂರು ವರ್ಷದಿಂದ ಇಲ್ಲೇ ಓದ್ಕೊಂಡು, ಒಪಿಟಿ (ಸ್ಟೂಡೆಂಟ್ ವೀಸಾ ಮೇಲೆ ಮಾಡೋ ಕೆಲಸ) ಮಾಡ್ಕೊಂಡು, ಇಲ್ಲೇ ಪರಿಚಯ ಆಗಿ ಮದುವೆ ಆದ್ರೆ ಯಾವ ತಕರಾರೂ ಇಲ್ಲ. ತೊಂದ್ರೆ ಶುರುವಾಗೋದು ಮದುವೆ ಆದ್ಮೇಲೆ ಅಥವಾ ಐ-130 ಹಾಕಿದ್ಮೇಲೆ "ಒಂದ್ ಸಲ ಊರಿಗೆ ಹೋಗಿ ಬರ್ತೀನಿ" ಅಂದಾಗ. ವೀಸಾ ಸ್ಟ್ಯಾಂಪಿಂಗಿಗೆ ತುಂಬೋ ಡಿಎಸ್-160ನಲ್ಲೇ ನಿಮ್ಮ ಪರವಾಗಿ ಯಾರಾದ್ರೂ ಇಮಿಗ್ರಂಟ್ ಪಿಟಿಷನ್ ಹಾಕಿದಾರಾ ಅಂತ ಕೇಳ್ತಾರೆ, ಹೌದು ಅಂದ್ರೆ ಸ್ಟೂಡೆಂಟ್ ವೀಸಾ ಸಿಗೋದು ಕಷ್ಟ, ಇಲ್ಲ ಅಂದ್ರೆ ಸುಳ್ಳು. ಈ ಎರಡರ ಮಧ್ಯೆ ಸಿಕ್ಕಾಕೊಳ್ಳೋ ಬದ್ಲು ಊರಿಗೆ ಹೋಗೋದನ್ನೇ ಮುಂದಕ್ಕೆ ಹಾಕಿ.

ಜೆ-1 ಎಕ್ಸ್‌ಚೇಂಜ್ ವೀಸಾ ಇದ್ದೋರಲ್ಲಿ, ಅದ್ರಲ್ಲೂ ರೆಸಿಡೆನ್ಸಿ ಮಾಡೋ ಡಾಕ್ಟರುಗಳಲ್ಲಿ, ಎರಡು ವರ್ಷ ತವರು ದೇಶಕ್ಕೆ ಹೋಗಿ ಇರ್ಬೇಕು ಅನ್ನೋ ಷರತ್ತು ಇರೋರು ಮೊದ್ಲು ಅದಕ್ಕೆ ವೇವರ್ ತಗೋಬೇಕು. ಸಿಟಿಜನ್‌ನ ಮದುವೆ ಆದ್ರೂ ಅದು ತಾನಾಗೇ ಹೋಗಲ್ಲ. ಇದಕ್ಕೆ ಲಾಯರ್ ಹತ್ರ ಹೋಗಿ. ಡಿಯುಐ (ಕುಡಿದು ಗಾಡಿ ಓಡಿಸಿದ ಕೇಸ್) ಅಥವಾ ಬೇರೆ ಅರೆಸ್ಟ್ ಇದ್ರೂ ಹೋಗಿ. ಎಲ್ಲಾದ್ರೂ ಕೆಲಸಕ್ಕೆ ಸೇರೋವಾಗ ಐ-9 ಫಾರಂನಲ್ಲಿ ಯುಎಸ್ ಸಿಟಿಜನ್ ಅಂತ ಟಿಕ್ ಮಾಡಿದ್ರೆ ಲಾಯರ್ ಹತ್ರ ಓಡಿ ಹೋಗಿ, ಓವರ್‌ಸ್ಟೇಗೆ ಮಾಫಿ ಇದ್ದ ಹಾಗೆ ಅದಕ್ಕೆ ಮಾಫಿ ಇಲ್ಲ.

ಯಾವ ಮದುವೆ ಮದುವೆ? (ನಾವು ಎಡವಿದ್ದು ಇಲ್ಲೇ)

ನಮ್ಮ ಕಡೆ ಮದುವೆ ಅಂದ್ರೆ ಒಂದಲ್ಲ, ಎರಡು ಮೂರು ಸಲ ಆಗತ್ತೆ. ಇಲ್ಲಿ ಕೌಂಟಿ ಆಫೀಸಲ್ಲಿ ಒಂದು, ಊರಲ್ಲಿ ಛತ್ರದಲ್ಲಿ ಒಂದು. ಊರಿನ ಮದುವೆಗೆ ಆಷಾಢ ಬೇಡ, ಧನುರ್ಮಾಸ ಬೇಡ, ಛತ್ರ ಸಿಗ್ಬೇಕು, ಇಬ್ರಿಗೂ ರಜ ಸಿಗ್ಬೇಕು, ಇದೆಲ್ಲಾ ಕೂಡಿ ಬರೋ ದಿನಾಂಕಕ್ಕೂ ಇಮಿಗ್ರೇಶನ್ ದಿನಾಂಕಕ್ಕೂ ತಾಳಮೇಳ ಇರಲ್ಲ.

ನಾವು ಫೆಬ್ರವರಿಲಿ ಶಿವಮೊಗ್ಗದಲ್ಲಿ ಶಾಸ್ತ್ರೋಕ್ತವಾಗಿ ಮದುವೆ ಆದ್ವಿ, ಎರಡು ವಾರದ ರಜ, ರಿಜಿಸ್ಟರ್ ಮಾಡಿಸೋಕೆ ಪುರುಸೊತ್ತಾಗ್ಲಿಲ್ಲ, ವಾಪಸ್ ಬಂದು ಜೂನ್‌ನಲ್ಲಿ ಕೌಂಟಿ ಆಫೀಸಲ್ಲಿ ಲೈಸೆನ್ಸ್ ತಗೊಂಡು ಸರ್ಟಿಫಿಕೇಟ್ ಮಾಡಿಸ್ಕೊಂಡ್ವಿ, ಐ-130ನಲ್ಲಿ ಮದುವೆ ದಿನಾಂಕ ಅಂದ್ಕಡೆ ಜೂನ್ ಬರೆದ್ವಿ. ಆದ್ರೆ ಸಾಕ್ಷಿಗೆ ಅಂತ ಕಳಿಸಿದ ಫೋಟೋಗಳೆಲ್ಲ ಫೆಬ್ರವರಿದು! ಇಂಟರ್ವ್ಯೂ ಬಂದಿದ್ದು ಶಿವಮೊಗ್ಗದ ಮದುವೆ ಆಗಿ ಎರಡು ವರ್ಷ ಆದ್ಮೇಲೆ ಏಪ್ರಿಲ್‌ನಲ್ಲಿ. ಆಫೀಸರಮ್ಮ ಫೋಟೋ ಒಂದೊಂದೇ ತಿರುವಿ, ಧಾರೆ ಎರೆಯೋ ಫೋಟೋ ಮೇಲೆ ಬೆರಳಿಟ್ಟು, "ಕೈ ಮೇಲೆ ನೀರು ಹಾಕ್ತಿದಾರಲ್ಲ, ಇದೇನು" ಅಂದ್ರು. ನನ್ನ ಗಂಡ ಉತ್ಸಾಹದಲ್ಲಿ "ಅದೇ ನಮ್ಮಲ್ಲಿ ಮದುವೆ ಆಗೋ ಕ್ಷಣ" ಅಂದ್ಬಿಟ್ರು. "ಹಾಗಾದ್ರೆ ಜೂನ್‌ನಲ್ಲಿ ಆಗಿದ್ದೇನು?" ನನಗೆ ಬಾಯಿ ಒಣಗೋಯ್ತು.

ವಿಷಯ ಏನಂದ್ರೆ, ಹಿಂದೂ ವಿವಾಹ ಕಾಯ್ದೆ 1955ರ ಪ್ರಕಾರ ಶಾಸ್ತ್ರಗಳು ಪೂರ್ತಿ ಆದ್ರೆ ಮದುವೆ ಊರ್ಜಿತ, ರಿಜಿಸ್ಟ್ರೇಷನ್ ಬರೀ ಅದರ ದಾಖಲೆ. ಅಂದ್ರೆ ಕಾನೂನಿನ ಕಣ್ಣಲ್ಲಿ ನಾವು ಫೆಬ್ರವರಿಲೇ ಗಂಡ ಹೆಂಡ್ತಿ. ಇಲ್ಲಿ ಕೆಲವು ಕೌಂಟಿಗಳಲ್ಲಿ ಲೈಸೆನ್ಸ್ ಅರ್ಜಿ ಮೇಲೆ "ಈಗ ನನಗೆ ಮದುವೆ ಆಗಿಲ್ಲ" ಅಂತ ಪ್ರಮಾಣ ಮಾಡಿಸ್ಕೋತಾರೆ, ಅದು ಇನ್ನೊಂದು ತಲೆನೋವು. ನಾವು ಎಲ್ಲಾ ಬಿಡಿಸಿ ಹೇಳಿದ್ವಿ, ಅವ್ರು ಏನೋ ಬರ್ಕೊಂಡ್ರು, ಅಪ್ರೂವ್ ಆಯ್ತು. ಆದ್ರೆ ಕೈಲಿ ಇಂಡಿಯಾದ ಸರ್ಟಿಫಿಕೇಟ್ ಇರ್ಲಿಲ್ಲವಲ್ಲ, ಹಾಗಾಗಿ ಜೂನ್ ತಾರೀಕನ್ನೇ ಹಿಡಿದ್ರು. ಫೆಬ್ರವರಿಯಿಂದ ಎಣಿಸಿದ್ರೆ ಎರಡು ವರ್ಷ ಎರಡು ತಿಂಗಳು, ಜೂನ್‌ನಿಂದ ಎಣಿಸಿದ್ರೆ ಒಂದು ವರ್ಷ ಹತ್ತು ತಿಂಗಳು. ಈ ವ್ಯತ್ಯಾಸಕ್ಕೆ ಬೆಲೆ ಎಷ್ಟು ಅಂದ್ರೆ ಹತ್ತು ವರ್ಷದ ಕಾರ್ಡ್ ಬದ್ಲು ಎರಡು ವರ್ಷದ ಷರತ್ತಿನ ಕಾರ್ಡು.

ಅಪ್ರೂವ್ ಆಗೋ ದಿನಕ್ಕೆ ಮದುವೆ ಆಗಿ ಎರಡು ವರ್ಷ ತುಂಬಿರ್ಲಿಲ್ಲ ಅಂದ್ರೆ ಕಂಡೀಷನಲ್ ಕಾರ್ಡ್, ತುಂಬಿದ್ರೆ ಪೂರ್ತಿ ಕಾರ್ಡ್, ಗಮನಿಸಿ, ಅರ್ಜಿ ಹಾಕಿದ ದಿನ ಅಲ್ಲ ಅಪ್ರೂವ್ ಆದ ದಿನ. ಇದಕ್ಕೋಸ್ಕರ ಬೇಕು ಅಂತ ಲೇಟಾಗಿ ಹಾಕಿ ಅಂತ ಕೆಲವ್ರು ಹೇಳ್ತಾರೆ, ನಾನಂತೂ ಒಪ್ಪಲ್ಲ. ಮಧ್ಯದಲ್ಲಿ ಕೆಲಸ ಹೋದ್ರೆ, ರೂಲ್ ಬದಲಾದ್ರೆ? ಮತ್ತೆ ಸಿಟಿಜನ್‌ಶಿಪ್‌ನ ಮೂರು ವರ್ಷದ ಗಡಿಯಾರ ಓಡೋಕೆ ಶುರು ಆಗೋದೇ ಕಾರ್ಡ್ ಸಿಕ್ಕ ದಿನದಿಂದ, ಷರತ್ತಿನ ಕಾರ್ಡಿನ ಸಮಯನೂ ಅದ್ರಲ್ಲಿ ಎಣಿಕೆಗೆ ಬರತ್ತೆ.

ಆದ್ದರಿಂದ, ಇಲ್ಲಿ ಕೌಂಟಿ ಮದುವೆ ಮೊದ್ಲು ಮಾಡ್ಕೊಂಡು ಆಮೇಲೆ ಊರಲ್ಲಿ ಶಾಸ್ತ್ರ ಮಾಡೋದಾದ್ರೆ ತಾರೀಕು ಒಂದೇ, ಕ್ಲಿಯರ್. ಊರಲ್ಲೇ ಮೊದ್ಲು ಅಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸ್ಕೊಂಡೇ ಫ್ಲೈಟ್ ಹತ್ತಿ, ಲಗ್ನಪತ್ರಿಕೆ, ಫೋಟೋ, ಇಬ್ರ ದಾಖಲೆ ರೆಡಿ ಇಟ್ಕೊಂಡು ಹೋಗಿ. ಬೇರೆ ಬೇರೆ ಧರ್ಮದೋರಾದ್ರೆ ಸ್ಪೆಷಲ್ ಮ್ಯಾರೇಜ್ ಆಕ್ಟ್ 1954, ಅದಕ್ಕೆ 30 ದಿನದ ನೋಟಿಸು, ಅದಕ್ಕೂ ಮುಂಚೆ ಇಬ್ರಲ್ಲಿ ಒಬ್ರು ಆ ಜಿಲ್ಲೇಲಿ 30 ದಿನ ವಾಸ ಇರ್ಬೇಕು, ಎರಡು ವಾರದ ರಜಕ್ಕೆ ಬಂದೋರಿಗೆ ಆಗೋ ಮಾತಲ್ಲ. ಅಂಥೋರು ಇಲ್ಲೇ ಮಾಡ್ಕೊಳ್ಳಿ. ಇಲ್ಲೂ ಒಂದೊಂದು ಸ್ಟೇಟಿಗೆ ಒಂದೊಂದು ಕಾನೂನು, ಟೆಕ್ಸಸಲ್ಲಿ ಲೈಸೆನ್ಸ್ ತಗೊಂಡು 72 ಗಂಟೆ ಕಾಯ್ಬೇಕು, ನ್ಯೂಯಾರ್ಕಲ್ಲಿ 24 ಗಂಟೆ, ಕ್ಯಾಲಿಫೋರ್ನಿಯಾದಲ್ಲಿ ಅದೂ ಇಲ್ಲ. ಇಬ್ರಲ್ಲಿ ಯಾರಿಗಾದ್ರೂ ಹಿಂದೆ ಡಿವೋರ್ಸ್ ಆಗಿದ್ರೆ ಡಿಕ್ರಿ ಫೈನಲ್ ಆಗಿರೋ ದಿನ, ಅಪೀಲ್ ಅವಧಿ ಎರಡೂ ನೋಡ್ಕೊಂಡೇ ಹೊಸ ಮದುವೆ ದಿನ ಇಡಿ.

ಊರಿಗೆ ಹೋಗೋದು: ಬಾಗಿಲು ಮುಚ್ಚೋ ದಿನ

ಐ-485 ಹಾಕಿದ ಮೇಲೆ ಅಡ್ವಾನ್ಸ್ ಪರೋಲ್ (ಹೊರಗೆ ಹೋಗಿ ವಾಪಸ್ ಬರೋಕೆ ಮೊದ್ಲೇ ತಗೊಳ್ಳೋ ಅನುಮತಿ) ಕೈಗೆ ಬರೋ ಮುಂಚೆ ದೇಶ ಬಿಟ್ರೆ ಅರ್ಜಿ ಕೈಬಿಟ್ಟಿದೀರಿ ಅಂತ ಲೆಕ್ಕ. ಪೂರ್ತಿ ಹಣ, ಕಾದ ಟೈಮು ಎಲ್ಲಾ ಹೋಯ್ತು. ಎಚ್-1ಬಿ, ಎಲ್-1, ಎಚ್-4, ಎಲ್-2 ಇದ್ದೋರಿಗೆ ಮಾತ್ರ ವಿನಾಯ್ತಿ, ಅದೇ ಸ್ಟೇಟಸಲ್ಲಿ, ಪಾಸ್‌ಪೋರ್ಟಲ್ಲಿ ಸರಿಯಾದ ವೀಸಾ ಇಟ್ಕೊಂಡು ವಾಪಸ್ ಬರ್ಬೋದು. ವೀಸಾ ಸ್ಟ್ಯಾಂಪ್ ಮುಗಿದಿದ್ರೆ ಊರಲ್ಲಿ ಅಪಾಯಿಂಟ್‌ಮೆಂಟ್ ಸಿಗ್ಬೇಕು, ಅದು ಇನ್ನೊಂದು ರಾಮಾಯಣ. ಬೆಂಗಳೂರಲ್ಲಿ 2025ರ ಜನವರಿಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದಾಗ ಎಲ್ರೂ ಖುಷಿ ಪಟ್ವಿ, ಆದ್ರೆ ಅವತ್ತು ವೀಸಾ ಕೊಡೋ ಕೆಲಸ ಅಲ್ಲಿ ಶುರು ಆಗಿರ್ಲಿಲ್ಲ, ಚೆನ್ನೈಗೋ ಹೈದರಾಬಾದಿಗೋ ಹೋಗೋದು ತಪ್ಪಲಿಲ್ಲ.

ಹಾಗಾಗಿ ತಂಗಿ ಮದುವೆ, ಅಜ್ಜಿಗೆ ಹುಷಾರಿಲ್ಲ, ನಿಮ್ಮದೇ ಛತ್ರದ ಮದುವೆ, ಇಂಥ ತಪ್ಪಿಸೋಕಾಗದ ಪ್ರಯಾಣ ಮುಂದಿನ ಐದಾರು ತಿಂಗಳಲ್ಲಿ ಇದ್ರೆ ಮೊದ್ಲು ಅದನ್ನ ಕ್ಯಾಲೆಂಡರಲ್ಲಿ ಗುರುತು ಹಾಕಿ ಆಮೇಲೆ ಫೈಲಿಂಗ್ ದಿನ ಇಡಿ. ಅಡ್ವಾನ್ಸ್ ಪರೋಲ್ ಕೇಳೋ ಐ-131 ಜೊತೇಲೇ ಹಾಕಿದ್ರೂ ಅದು ಬರೋಕೆ ತಿಂಗಳುಗಳೇ ಹಿಡೀಬೋದು. ಎಫ್-1 ಇದ್ದೋರ ಅಪ್ಪ ಅಮ್ಮನಿಗೆ ಇದನ್ನ ಅರ್ಥ ಮಾಡ್ಸೋದೇ ದೊಡ್ಡ ಕೆಲಸ, "ಮದುವೆ ಆಯ್ತಲ್ಲ, ಈಗ್ಲೂ ಬರೋಕಾಗಲ್ವಾ" ಅಂತಾರೆ. ಮೊದ್ಲೇ ಹೇಳಿಡಿ.

ಹಿಂದೆ 180 ದಿನಕ್ಕಿಂತ ಜಾಸ್ತಿ ಓವರ್‌ಸ್ಟೇ ಆಗಿದ್ದೋರು ದೇಶ ಬಿಟ್ರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಆಗಿದ್ರೆ ಹತ್ತು ವರ್ಷದ ಬ್ಯಾನ್. ಅಂಥೋರು ಲಾಯರ್ ಕೇಳ್ದೆ ಟಿಕೆಟ್ ಬುಕ್ ಮಾಡ್ಲೇಬೇಡಿ.

ಪ್ಯಾಕೆಟ್ ರೆಡಿ ಮಾಡೋ ಕ್ರಮ

ಫೈಲಿಂಗ್ ದಿನದಿಂದ ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ ಶುರು ಮಾಡಿ, ಯಾಕಂದ್ರೆ ಲೇಟಾಗೋದು ಫಾರಂ ಅಲ್ಲ, ಊರಿಂದ ಬರ್ಬೇಕಾದ ಕಾಗದ.

ಮೊದ್ಲು ಬರ್ತ್ ಸರ್ಟಿಫಿಕೇಟ್. ನಮ್ಮಲ್ಲಿ ಬಹಳ ಜನರದ್ದು ಹೆಸರೇ ಇಲ್ದೆ ಬರೀ "ಹೆಣ್ಣು" ಅಂತ ಇರತ್ತೆ, ನಂದೂ ಹಾಗೇ ಇತ್ತು. ಹೆಸರು ಸೇರಿಸಿ ಹೊಸ ಪ್ರತಿ ತರ್ಸೋಕೆ ಅಪ್ಪ ತಾಲೂಕು ಆಫೀಸಿಗೆ ಮೂರು ಸಲ ಅಲೆದ್ರು. ಹುಟ್ಟಿ ವರ್ಷಗಳಾದ್ಮೇಲೆ ರಿಜಿಸ್ಟರ್ ಆಗಿದ್ರೆ ಅಥವಾ ದಾಖಲೆನೇ ಇಲ್ದಿದ್ರೆ ನಾನ್-ಅವೈಲಬಿಲಿಟಿ ಸರ್ಟಿಫಿಕೇಟ್, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಹುಟ್ಟಿದ್ದು ಗೊತ್ತಿರೋ ಹಿರಿಯರಿಬ್ರ ಅಫಿಡವಿಟ್ ಸೇರಿಸಿ. ಬರೀ ಕನ್ನಡದಲ್ಲಿದ್ರೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಎರಡೂ ಭಾಷೆ ಬರೋ ಫ್ರೆಂಡ್ ಮಾಡಿ "ನನಗೆ ಎರಡೂ ಬರತ್ತೆ, ಇದು ಸರಿಯಾಗಿದೆ" ಅಂತ ಸಹಿ ಹಾಕಿದ್ರೆ ಸಾಕು. ಮತ್ತೆ ನಮ್ಮ ಇನಿಷಿಯಲ್ ಕಥೆ! ಮಾರ್ಕ್ಸ್ ಕಾರ್ಡಲ್ಲಿ ಕೆ.ಎಸ್., ಪಾಸ್‌ಪೋರ್ಟಲ್ಲಿ ಊರಿನ ಹೆಸರು ಅಪ್ಪನ ಹೆಸರು ಬಿಡಿಸಿ ಬರೆದಿದ್ದು, ವೀಸಾದಲ್ಲಿ ಮೊದಲ ಹೆಸರು ಗೊತ್ತಿಲ್ಲ ಅನ್ನೋ ಎಫ್‌ಎನ್‌ಯು. ಬಳಸಿರೋ ಬೇರೆ ಹೆಸರುಗಳು ಅನ್ನೋ ಜಾಗದಲ್ಲಿ ಇವೆಲ್ಲಾನೂ ಬರೀರಿ, ನಾಚ್ಕೋಬೇಡಿ.

ಆಮೇಲೆ ಮೆಡಿಕಲ್, ಐ-693. 2024ರ ಡಿಸೆಂಬರ್ 2ರಿಂದ ಇದನ್ನ ಐ-485 ಜೊತೇಲೇ ಕಳಿಸ್ಬೇಕು, ಆಮೇಲೆ ಕೊಡ್ತೀನಿ ಅಂದ್ರೆ ರಿಜೆಕ್ಟ್ ಮಾಡ್ಬೋದು. ಸಿವಿಲ್ ಸರ್ಜನ್ ಅಂತ ಯುಎಸ್‌ಸಿಐಎಸ್ ನೇಮಿಸಿರೋ ಡಾಕ್ಟರೇ ಆಗ್ಬೇಕು, ನಿಮ್ಮ ಫ್ಯಾಮಿಲಿ ಡಾಕ್ಟರ್ ನಡಿಯಲ್ಲ. ಚಿಕ್ಕಂದಿನ ಲಸಿಕೆ ಕಾರ್ಡ್ ಅಮ್ಮನ ಬೀರುಲಿ ಇದ್ರೆ ಸಂತೋಷ, ಇಲ್ದಿದ್ರೆ ದಡಾರ, ಚಿಕನ್‌ಪಾಕ್ಸ್ ಥರದಕ್ಕೆ ರಕ್ತದಲ್ಲಿ ಪ್ರತಿರೋಧ ಇದೆಯಾ ಅಂತ ಟೆಸ್ಟ್ ಮಾಡಿಸಿ, ಇದ್ರೆ ಮತ್ತೆ ಚುಚ್ಚಿಸ್ಕೊಳ್ಳೋದು ಬೇಕಿಲ್ಲ. ಟಿಬಿಗೆ ಐಜಿಆರ್‌ಎ ಅನ್ನೋ ರಕ್ತ ಪರೀಕ್ಷೆ ಮಾಡ್ತಾರೆ, ನಾವು ಚಿಕ್ಕೋರಿದ್ದಾಗ ತೋಳಿಗೆ ಹಾಕಿದ ಬಿಸಿಜಿಯಿಂದ ಅದು ಪಾಸಿಟಿವ್ ಬರಲ್ಲ, ಪಾಸಿಟಿವ್ ಬಂದ್ರೆ ಎದೆ ಎಕ್ಸ್‌ರೇ, ಅದು ಇನ್ನೊಂದಷ್ಟು ದಿನ. ಅಕ್ಟೋಬರಿಂದ ಮಾರ್ಚ್ ಮಧ್ಯೆ ಹೋದ್ರೆ ಫ್ಲೂ ಶಾಟ್ ಕೂಡ ಬೇಕು. ಸೀಲ್ ಮಾಡಿದ ಕವರ್ ಕೊಡ್ತಾರೆ, ಕುತೂಹಲಕ್ಕೆ ಒಡೀಬೇಡಿ. ಹಾಗೇ ಆ ಅರ್ಜಿ ರಿಜೆಕ್ಟ್ ಆದ್ರೆ ಅಥವಾ ವಾಪಸ್ ತಗೊಂಡ್ರೆ ಅದೇ ಮೆಡಿಕಲ್ ಇನ್ನೊಂದು ಅರ್ಜಿಗೆ ಬರಲ್ಲ, 2025ರ ಜೂನ್‌ನಲ್ಲಿ ಹಾಗೆ ಮಾಡಿದಾರೆ.

ಮೂರನೇದು ಐ-864, ಅಂದ್ರೆ ನಿಮ್ಮ ಸಿಟಿಜನ್ ಸಂಗಾತಿ "ಇವ್ರನ್ನ ನಾನು ನೋಡ್ಕೋತೀನಿ" ಅಂತ ಸರ್ಕಾರಕ್ಕೆ ಬರ್ಕೊಡೋ ಮುಚ್ಚಳಿಕೆ. ಬಡತನ ರೇಖೆಯ 125% ಆದಾಯ ಇರ್ಬೇಕು, ಇಬ್ರೇ ಇರೋ ಮನೆಗೆ 2025ರ ಲೆಕ್ಕದಲ್ಲಿ 26,437 ಡಾಲರ್. ಕಮ್ಮಿ ಇದ್ರೆ ಜಾಯಿಂಟ್ ಸ್ಪಾನ್ಸರ್, ಅಂದ್ರೆ ಜೊತೆಗೆ ಮುಚ್ಚಳಿಕೆ ಬರ್ಕೊಡೋ ಇನ್ನೊಬ್ರು, ಬೇಕು. ಇಲ್ಲಿ ಟೈಮಿಂಗ್ ವಿಷಯ ಏನಂದ್ರೆ ಮಾರ್ಚಲ್ಲಿ ಹಾಕೋದಾದ್ರೆ ಹಿಂದಿನ ವರ್ಷ ಸಲ್ಲಿಸಿದ್ದ ಟ್ಯಾಕ್ಸ್ ರಿಟರ್ನೇ ನಡೆಯತ್ತೆ, ಏಪ್ರಿಲ್ 15 ದಾಟಿದ್ರೆ ಹೊಸದು ಬೇಕು, ಹಾಗಾಗಿ ಏಪ್ರಿಲ್ ಸುತ್ತಮುತ್ತ ಹಾಕೋರು ಟ್ಯಾಕ್ಸ್ ಮೊದ್ಲು ಮುಗಿಸ್ಕೊಳ್ಳಿ. ಸಹಿ ಹಾಕೋರು ಒಂದು ತಿಳ್ಕೊಂಡಿರ್ಲಿ, ಡಿವೋರ್ಸ್ ಆದ್ರೂ ಈ ಜವಾಬ್ದಾರಿ ಹೋಗಲ್ಲ.

ಮದುವೆ ನಿಜ ಅನ್ನೋದಕ್ಕೆ ಸಾಕ್ಷಿ: ಇಬ್ರ ಹೆಸರಿರೋ ಲೀಸ್, ಜಾಯಿಂಟ್ ಅಕೌಂಟ್ (ತೆರೆದು ಹಾಗೇ ಬಿಟ್ಟಿದ್ದಲ್ಲ, ಬಾಡಿಗೆ ದಿನಸಿ ಓಡಾಡಿರೋದು), ಇನ್ಶೂರೆನ್ಸಲ್ಲಿ ಬೆನಿಫಿಷಿಯರಿ, ಬೇರೆ ಬೇರೆ ಕಾಲದ ಹತ್ತು ಹದಿನೈದು ಫೋಟೋ. ಮದುವೆ ಆಲ್ಬಂನ ಇನ್ನೂರು ಫೋಟೋ ಬೇಡ. ಮದುವೆ ಆದ ವಾರನೇ ಹಾಕಿದ್ರೆ ಇವೇನೂ ಇರಲ್ಲ ಅನ್ನೋದು ನಿಜ, ಸ್ಟೇಟಸ್ ಮುಗಿಯೋ ಆತುರ ಇಲ್ದಿದ್ರೆ ಎರಡು ಮೂರು ತಿಂಗಳು ಒಟ್ಟಿಗೆ ಸಂಸಾರ ಮಾಡಿ ಕಾಗದ ಹುಟ್ಟಿಸ್ಕೊಂಡು ಹಾಕಿದ್ರೆ ಕೇಸ್ ಗಟ್ಟಿ ಆಗತ್ತೆ. ಆತುರ ಇದ್ರೆ ಈಗ್ಲೇ ಹಾಕಿ, ಸಾಕ್ಷಿನ ಇಂಟರ್ವ್ಯೂಗೆ ತಗೊಂಡು ಹೋಗಿ.

ಫೀಸು 2024ರ ಏಪ್ರಿಲ್ 1ರ ಪಟ್ಟಿ ಪ್ರಕಾರ ಐ-130 ಪೇಪರಲ್ಲಿ 675, ಐ-485ಗೆ 1,440, ಕೆಲಸದ ಪರ್ಮಿಟ್ ಐ-765ಗೆ 260, ಅಡ್ವಾನ್ಸ್ ಪರೋಲ್ ಐ-131ಗೆ 630, ಒಟ್ಟು 3,005 ಡಾಲರ್, ಮೆಡಿಕಲ್ ಬೇರೆ. ಮೊದ್ಲು ಚೆಕ್ ಬರೆದು ಪಿನ್ ಮಾಡ್ತಿದ್ವಿ, 2025ರ ಅಕ್ಟೋಬರ್ 28ರ ನಂತರ ಚೆಕ್ ತಗೊಳಲ್ಲ, ಕಾರ್ಡಿಗೆ ಜಿ-1450, ಬ್ಯಾಂಕ್ ಅಕೌಂಟಿಗೆ ಜಿ-1650. ಒಂದೊಂದು ಫಾರಂಗೂ ಬೇರೆ ಬೇರೆ ಪೇಮೆಂಟ್ ಹಾಳೆ ಇಡಿ, ಕಾರ್ಡ್ ಲಿಮಿಟ್ ಸಾಕಾ ಅಂತ ನೋಡಿ, ಬ್ಯಾಂಕಿನೋರು ಫ್ರಾಡ್ ಅಂತ ತಡೆದ್ರೆ ಪ್ಯಾಕೆಟ್ ವಾಪಸ್ ಬರತ್ತೆ, ವಾಪಸ್ ಬಂದ ಮೂರು ವಾರದಲ್ಲಿ ನಿಮ್ಮ ಗ್ರೇಸ್ ಪೀರಿಯಡ್ ಮುಗಿದಿರತ್ತೆ.

ಹಾಕಿದ ಮೇಲೆ

ರಸೀತಿ ಬರತ್ತೆ, ಬೆರಳಚ್ಚಿಗೆ ಕರೀತಾರೆ, ಆಮೇಲೆ ಮೌನ. ಮನೆ ಬದಲಾಯಿಸಿದ್ರೆ 10 ದಿನದೊಳಗೆ ಅಡ್ರೆಸ್ ತಿಳಿಸಿ. ಹೆಚ್ಚಿನ ದಾಖಲೆ ಕೇಳಿದ್ರೆ ಅದ್ರಲ್ಲಿರೋ ಕೊನೇ ತಾರೀಕಿನೊಳಗೆ ಒಂದೇ ಸಲಕ್ಕೆ ಪೂರ್ತಿ ಕಳಿಸಿ.

ಎಚ್-1ಬಿ ಇದ್ದೋರಿಗೆ ಒಂದು ಸಲಹೆ: ಕೆಲಸದ ಪರ್ಮಿಟ್ ಕಾರ್ಡ್ ಬಂತು ಅಂತ ಆಫೀಸಲ್ಲಿ ತಕ್ಷಣ ಅದಕ್ಕೆ ಬದಲಾಯಿಸ್ಬೇಡಿ. ಅದನ್ನ ಬಳಸಿ ಕೆಲಸ ಮಾಡಿದ್ರೆ ಎಚ್-1ಬಿ ಸ್ಟೇಟಸ್ ಕೈಬಿಟ್ಟ ಹಾಗೆ, ಆಮೇಲೆ ಅರ್ಜಿ ರಿಜೆಕ್ಟ್ ಆದ್ರೆ ಕಾಲಿಡೋಕೆ ನೆಲ ಇರಲ್ಲ. ಮತ್ತೆ ಆ ಕಾರ್ಡ್ ಮುಂಚೆ ಐದು ವರ್ಷಕ್ಕೆ ಕೊಡ್ತಿದ್ರು, 2025ರ ಡಿಸೆಂಬರ್ 5ರಿಂದ 18 ತಿಂಗಳಿಗೆ ಇಳಿಸಿದಾರೆ, ಹಾಗಾಗಿ ರಿನ್ಯೂವಲ್ ತಾರೀಕು ಬರ್ದಿಟ್ಕೊಳ್ಳಿ.

ಇಂಟರ್ವ್ಯೂಗೆ ಇಬ್ರೂ ಹೋಗ್ಬೇಕು, ಒರಿಜಿನಲ್ ಎಲ್ಲಾ ಬೇಕು, ಮತ್ತೆ ಕಳಿಸಿದ ಅರ್ಜಿಯ ಕಾಪಿ ಹಿಂದಿನ ರಾತ್ರಿ ಕೂತು ಓದಿ. ನಮಗೆ ಕೇಳಿದ್ರಲ್ಲಿ ಹೆಚ್ಚಿನದು ಫಾರಂನಲ್ಲಿದ್ದಿದ್ದೇ, ಹಳೇ ವಿಳಾಸ, ಕೆಲಸದ ದಿನಾಂಕ, ಒಬ್ರಿಗೊಬ್ರು ಹೇಗೆ ಪರಿಚಯ, ಬಾಡಿಗೆ ಯಾರು ಕಟ್ಟೋದು. ಉತ್ತರ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ. ನನ್ನ ಗಂಡನಿಗೆ ನಮ್ಮಪ್ಪನ ಪೂರ್ತಿ ಹೆಸರೇ ಬರ್ಲಿಲ್ಲ, "ಮಾವ ಅಂತ ಕರೀತೀನಿ" ಅಂದ್ರು, ಆಫೀಸರಮ್ಮ ನಕ್ಕು ಮುಂದಕ್ಕೆ ಹೋದ್ರು.

ಕಾರ್ಡ್ ಬಂದ ದಿನ ಹೆಸರಿನ ಸ್ಪೆಲ್ಲಿಂಗ್, ಹುಟ್ಟಿದ ದಿನ ನೋಡಿ, ರೆಸಿಡೆಂಟ್ ಸಿನ್ಸ್ ಅಂತ ಇರೋ ತಾರೀಕನ್ನ ಫೋನಲ್ಲಿ ಹಾಕ್ಕೊಳ್ಳಿ. ಷರತ್ತಿನ ಕಾರ್ಡಾದ್ರೆ ಅಲ್ಲಿಂದ 21 ತಿಂಗಳಿಗೆ ಐ-751 ಕಿಟಕಿ ತೆರೆಯತ್ತೆ. ಮೂರು ವರ್ಷಕ್ಕೆ 90 ದಿನ ಕಮ್ಮಿ ಇರೋವಾಗ, ಆ ಮೂರು ವರ್ಷನೂ ನಿಮ್ಮೋರು ಸಿಟಿಜನ್ ಆಗಿದ್ದು ಒಟ್ಟಿಗೇ ಸಂಸಾರ ಮಾಡ್ತಿದ್ರೆ ಸಿಟಿಜನ್‌ಶಿಪ್ ಅರ್ಜಿ ಎನ್-400 ಹಾಕ್ಬೋದು. ಶಿವಮೊಗ್ಗದ ರಿಜಿಸ್ಟ್ರೇಷನ್ ನಾವು ಹೋದ್ ವರ್ಷ ಗಣಪತಿ ಹಬ್ಬಕ್ಕೆ ಹೋದಾಗ ಮಾಡಿಸ್ಕೊಂಡ್ ಬಂದ್ವಿ, ಅದ್ರ ಮೇಲೆ ಫೆಬ್ರವರಿ ತಾರೀಕೇ ಇದೆ.